ಜಡೆ ಹಾಕಿದ ವಯರು

ಇವತ್ತು ಹೇಳದಿದ್ದರೆ ಈ ಜನ್ಮದಲ್ಲಿ ಹೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬಾಗಿಲಲ್ಲಿ ಕರೆಂಟು ಕೆಲಸದ ಫ್ಯೂಸಕ್ಕನ ಸ್ಕೂಟರು ಕೆಮ್ಮಿ ನಿಂತ ಸದ್ದು ಕೇಳಿದರೂ ಏಳನೆಯ ಮೆಟ್ಟಿಲು ಬಿಟ್ಟು ಏಳಲಿಲ್ಲ. ಡೈರಿಯಲ್ಲಂತೂ ಒಪ್ಪಿಕೊಂಡಾಗಿತ್ತು, ಇರುವೆ ಸಾಲಿನಂಥ ಅಕ್ಷರದಲ್ಲಿ: ಮೆಟ್ಟಿಲ ದೀಪ ಕೆಡಿಸಿದ್ದು ನಾನು. ಆದರೆ ಡೈರಿಗೆ ಬೀಗವಿತ್ತು, ಅವಳ ಬಾಯಿಗೂ.

ಕೆಳಗಿನ ಮನೆಯಲ್ಲಿ ಅಪ್ಪ, ಅಮ್ಮ, ಅವಳು. ಮೇಲೆ ದೊಡ್ಡಪ್ಪ, ದೊಡ್ಡಮ್ಮ. ನಡುವೆ ಕಿಟಕಿಯಿಲ್ಲದ ಹದಿಮೂರು ಮೆಟ್ಟಿಲು, ಹಗಲಲ್ಲೂ ಕತ್ತಲು. ದೀಪ ಒಂದೇ, ಸ್ವಿಚ್ಚು ಎರಡು, ಬುಡದಲ್ಲೊಂದು, ತುದಿಯಲ್ಲೊಂದು. ಕೆಳಗೆ ಹಾಕಿಕೊಂಡು ಹತ್ತಿದವರು ಮೇಲೆ ಆರಿಸಿಕೊಂಡು ಹೋಗುತ್ತಿದ್ದರು. ಇಪ್ಪತ್ತು ವರ್ಷ ಆ ದೀಪದ ಬಗ್ಗೆ ಯಾರೂ ಮಾತೇ ಆಡಿರಲಿಲ್ಲ.

ಕೆಳಗಿನ ಸ್ವಿಚ್ಚು ಬಿರುಕು ಬಿಟ್ಟಿತ್ತು. ಇತಿಹಾಸದ ಪದವಿ ಮುಗಿಸಿ, "ಮುಂದೇನು?" ಎಂದವರಿಗೆಲ್ಲ ನಕ್ಕು ನಕ್ಕು ದವಡೆ ನೋಯಿಸಿಕೊಂಡಿದ್ದ ಅವಳಿಗೆ, ಒಂದು ಮಧ್ಯಾಹ್ನ ಶುರುವಾಗಿ ಅದೇ ಮಧ್ಯಾಹ್ನ ಮುಗಿದುಹೋಗುವಂಥ ಏನಾದರೂ ಕೆಲಸ ಮಾಡಬೇಕೆನಿಸಿತ್ತು. ಮನೆಯಲ್ಲಿ ಯಾರೂ ಇಲ್ಲದಾಗ ಮೇನ್ ಆಫ್ ಮಾಡಿ, ಹಳೆಯ ಸ್ವಿಚ್ಚು ಬಿಚ್ಚಿ, ಮೂರು ವಯರುಗಳ ಜಾಗ ಬರೆದುಕೊಂಡಳು: ಮೇಲೆ ಕೆಂಪು, ನಡುವೆ ಹಳದಿ, ಕೆಳಗೆ ನೀಲಿ. ಹೊಸದಕ್ಕೂ ಹಾಗೆಯೇ ಕಟ್ಟಿದಳು. ದೀಪ ಹತ್ತಿತು. ಆ ಸಂಜೆ ಪಾತ್ರೆ ತೊಳೆಯುವಾಗ ಅವಳು ಹಾಡಿಕೊಂಡಿದ್ದನ್ನು ನಲ್ಲಿಯ ನೀರು ಮಾತ್ರ ಕೇಳಿಸಿಕೊಂಡಿತು.

ಮರುದಿನದಿಂದ ಜಗಳ. ಕತ್ತಲಲ್ಲಿ ತಡಕಿ ಒತ್ತುವವರಿಗೆ ಸ್ವಿಚ್ಚು ಹೊಸದೆಂದು ತಿಳಿದಿರಲಿಲ್ಲ. ಅಮ್ಮ ಕೆಳಗೆ ಆರಿಸಿದ್ದರೆ ದೊಡ್ಡಮ್ಮ ಮೇಲೆ ಎಷ್ಟು ಕುಟ್ಟಿದರೂ ಹತ್ತದು. ದೊಡ್ಡಮ್ಮ ಆರಿಸಿದ್ದರೆ ಅಮ್ಮನಿಗೂ ಅದೇ ಗತಿ. "ನಾನು ಬಿದ್ದು ಸೊಂಟ ಮುರ್ಕೊಳ್ಳಲಿ ಅಂತಾನೇ ಆರಿಸಿಡ್ತಾಳೆ" ಎಂದು ಮೇಲಿನಿಂದ. "ನಮ್ಮ ಬೆಳಕಿಗೂ ಅವರ ಅಪ್ಪಣೆ ಬೇಕಂತೆ" ಎಂದು ಕೆಳಗಿನಿಂದ. ಮತ್ತೆ ಬಿಚ್ಚಿ ನೋಡೋಣವೆಂದರೆ ಮನೆ ಒಂದು ಗಳಿಗೆಯೂ ಖಾಲಿಯಾಗಲಿಲ್ಲ. ಜಗಳ ಕಾಯಲು ಇಬ್ಬರೂ ಮನೆಯಲ್ಲೇ ಉಳಿದಿದ್ದರು.

ಅಪ್ಪ, ದೊಡ್ಡಪ್ಪ ಸೇರಿ ಒಂದೇ ಪೇಪರಿನ ಪದಬಂಧ ತುಂಬುತ್ತಿದ್ದರು: ಎಡದಿಂದ ಬಲಕ್ಕೆ ತಮ್ಮನದು, ಮೇಲಿನಿಂದ ಕೆಳಕ್ಕೆ ಅಣ್ಣನದು. ಒಂಬತ್ತು ದಿನದಿಂದ ಪೇಪರು ಮೆಟ್ಟಿಲು ಹತ್ತಿರಲಿಲ್ಲ. ದೊಡ್ಡಪ್ಪ ತಮ್ಮದೇ ಒಂದು ತರಿಸಿಕೊಂಡು ಅಡ್ಡಸಾಲಿಗೆಲ್ಲ ಬಾಯಿಗೆ ಬಂದದ್ದು ತುಂಬುತ್ತಿದ್ದರಂತೆ. ಇವತ್ತು ದೊಡ್ಡಮ್ಮ ಫ್ಯೂಸಕ್ಕನನ್ನು ಕರೆಸಿದ್ದು ದೀಪವನ್ನು ಪಾಲು ಮಾಡಿಸಲು. ಮೇಲಿನವರಿಗೊಂದು, ಕೆಳಗಿನವರಿಗೊಂದು, ನಡುವೆ ಒಂದು ಬಾಗಿಲು. ಬಡಗಿ ನಿನ್ನೆಯೇ ಬಂದು ಅಳತೆ ತೆಗೆದುಕೊಂಡಿದ್ದ.

"ಏನಮ್ಮಾ ಇತಿಹಾಸ," ಎಂದಳು ಫ್ಯೂಸಕ್ಕ, ಕಿವಿಯ ಹಿಂದಿನ ಟೆಸ್ಟರು ಸರಿಮಾಡಿಕೊಳ್ಳುತ್ತ. "ದಾರಿ ಬಿಡ್ತೀಯೋ, ಇಲ್ಲಾ ನಿನ್ನನ್ನೂ ಮ್ಯೂಸಿಯಮ್ಮಿಗೆ ಸಾಗಿಸ್ಲೋ?" ಐವತ್ತು ದಾಟಿದ ಹೆಂಗಸು, ಬೀದಿಯ ಅರ್ಧ ಮನೆಗಳ ಕರೆಂಟು ಅವಳ ಕೈಯಲ್ಲಿತ್ತು, ಉಳಿದರ್ಧ ಅವಳ ಬಾಯಿಗೆ ಹೆದರುತ್ತಿತ್ತು.

ತುದಿಯಲ್ಲಿ ನಿಂತ ದೊಡ್ಡಮ್ಮ, "ಎರಡು ಮಾಡ್ಬಿಡು. ಯಾರ ಹಂಗೂ ನಮಗೆ ಬೇಡ" ಎಂದಳು.

ಬುಡದಲ್ಲಿ ನಿಂತ ಅಮ್ಮ ಗೋಡೆಗೆ ಹೇಳಿದಳು: "ಮಾಡಲಿ, ಮಾಡಲಿ."

"ಕತ್ತರಿಸೋದು ಎರಡು ನಿಮಿಷದ ಕೆಲಸ. ಡಾಕ್ಟರು ಒಳಗೆ ಬಂದ ತಕ್ಷಣ ಕಾಲು ಕತ್ತರಿಸ್ತಾರಾ? ಮೊದಲು ರೋಗ ನೋಡ್ತೀನಿ. ಹಂಗೇ ನಿಂತಿರಿ ಇಬ್ರೂ. ನಾನು ಹೇಳಿದಾಗ ಒತ್ತಬೇಕು."

"ನಿನ್ನ ದೊಡ್ಡಮ್ಮಂಗೆ ಹೇಳೇ, ಒತ್ತೋಕೆ" ಎಂದಳು ಅಮ್ಮ.

"ಒತ್ತಿಯಾಯ್ತು ಅಂತ ಹೇಳೇ, ನಿನ್ನಮ್ಮಂಗೆ" ಎಂದಳು ದೊಡ್ಡಮ್ಮ.

ಹದಿಮೂರು ಮೆಟ್ಟಿಲ ಅಂತರಕ್ಕೆ ಅವಳು ಅಂಚೆಯವಳಾದಳು. ಕೆಳಗಿನದು ಹಾಗೆ, ಮೇಲಿನದು ಹೀಗೆ. ಮೇಲಿನದು ಹಾಗೆ, ಕೆಳಗಿನದು ಹೀಗೆ. ನಾಲ್ಕು ಬಗೆಯಲ್ಲಿ ಒತ್ತಿಸಿ ಫ್ಯೂಸಕ್ಕ ತಲೆಯಾಡಿಸಿದಳು.

"ನಾಲ್ಕರಲ್ಲಿ ಎರಡು ಸಲ ಹತ್ತಬೇಕು. ಇದು ಒಂದೇ ಸಲ ಹತ್ತುತ್ತೆ. ಇಬ್ರೂ ಒಪ್ಪಿದ್ರೆ ಮಾತ್ರ ಬೆಳಕು ಕೊಡ್ತೀನಿ ಅಂತ ಹಟ ಹಿಡಿದಿದೆ. ನಿಮ್ಮಿಬ್ಬರದ್ದೂ ಏನೂ ತಪ್ಪಿಲ್ಲ ಕಣ್ರಮ್ಮಾ. ಒಳಗೆ ವಯರು ಅದಲು ಬದಲಾಗಿದೆ."

ಅಮ್ಮ ಸೆರಗಿನ ತುದಿಯಿಂದ ಧೂಳಿಲ್ಲದ ಕಂಬಿಯನ್ನು ಒರೆಸಿದಳು.

ಮೇನ್ ಆಫ್ ಮಾಡಿಸಿ ಫ್ಯೂಸಕ್ಕ ಕೆಳಗಿನ ಸ್ವಿಚ್ಚು ಬಿಚ್ಚಿದಳು. ಟಾರ್ಚು ಹಿಡಿಯುವ ಕೆಲಸ ಹುಡುಗಿಯ ಪಾಲಿಗೆ ಬಂತು.

"ಓಹೋ," ಫ್ಯೂಸಕ್ಕನ ದನಿ ತಗ್ಗಿತು. "ಬಿಗಿ ನೋಡು. ಒಂದು ಎಳೆಯೂ ಆಚೆ ಇಲ್ಲ. ವಯರಿನ ಎಳೆಗಳಿಗೆ ಯಾರೋ ಜಡೆ ಹಾಕಿದಾರಲ್ಲ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಎದೆಯ ಮೇಲಿದ್ದ ಜಡೆಯನ್ನು ಅವಳ ಕೈ ತಾನಾಗಿ ಬೆನ್ನಿಗೆ ಎಸೆಯಿತು. ಟಾರ್ಚಿನ ಬೆಳಕು ಸೂರಿಗೆ ಹೋಗಿ ಬಂತು. ಫ್ಯೂಸಕ್ಕ ಜಡೆ ನೋಡಿದಳು, ಮುಖ ನೋಡಿದಳು, ಮತ್ತೆ ಪೆಟ್ಟಿಗೆಯೊಳಗೆ ನೋಡಿದಳು.

"ಹಳೇ ಸ್ವಿಚ್ಚಲ್ಲಿ ಕರೆಂಟು ತರೋ ವಯರಿನ ಮನೆ ಮೇಲಿತ್ತೇನೋ. ಈ ಹೊಸದರಲ್ಲಿ ಅದರ ಮನೆ ನಡುವೆ. ಪಾಪ, ಹಳೇ ವಿಳಾಸಕ್ಕೇ ಹೋಗಿ ಕೂತಿದೆ. ಯಾವುದು ಅಂತ ಗೊತ್ತಾಯ್ತಾ?"

ಅವಳು ಕೆಂಪು ವಯರಿನತ್ತ ಬೆರಳು ಮಾಡಿದಳು.

"ದೇವರು ಬಾಯಿ ಅಂತಲೂ ಒಂದು ಕೊಟ್ಟಿದಾನೆ. ಹಿಡಿ." ಟಾರ್ಚು ಕಿತ್ತುಕೊಂಡು ಸ್ಕ್ರೂಡ್ರೈವರು ಅವಳ ಕೈಗಿಟ್ಟಳು.

ಕೆಂಪು ನಡುವಿಗೆ ಬಂತು, ಹಳದಿ ಮೇಲಕ್ಕೆ ಹೋಯಿತು. ಸ್ವಿಚ್ಚನ್ನು ಗೂಡಿಗೆ ಕೂರಿಸಿ ಎರಡು ಕೈಯಲ್ಲೂ ಮುಚ್ಚಳ ಅದುಮಿ ಹಿಡಿದಳು. ಅದರ ಸ್ಕ್ರೂಗಳು ತುಟಿಗಳ ನಡುವೆ. ಮೇನ್ ಹಾಕಿಯಾಯಿತು.

"ಹೇಳೇ ಮೇಲಕ್ಕೆ" ಎಂದಳು ಅಮ್ಮ.

"ಉಂ," ಎಂದಳು ಅವಳು.

"ಏನು ಉಂ?"

"ಉಂ ಉಂ."

ಅಮ್ಮ ಅವಳನ್ನು ನೋಡಿದಳು, ಫ್ಯೂಸಕ್ಕನನ್ನು ನೋಡಿದಳು. ಕೊನೆಗೆ ಕತ್ತೆತ್ತಿ, "ಅಕ್ಕಾ, ಒತ್ತಿ!" ಎಂದು ಕೂಗಿದಳು.

ಮೇಲೆ ಸ್ವಿಚ್ಚು ಟಿಕ್ ಎಂದಿತು. ಆಮೇಲೆ, "ಒತ್ತಿದೆ ಕಣೇ!"

ದೀಪ ಹತ್ತಿತು.

"ತಡೀರಿ, ನಾನು ಆರಿಸ್ತೀನಿ!"

"ಆರಿಸು! ಈಗ ನಾನು ಹಾಕ್ತೀನಿ ನೋಡು!"

"ಹತ್ತಿತು ಅಕ್ಕಾ! ಇನ್ನೊಂದ್ಸಲ!"

"ಬಲ್ಬು ಸುಟ್ಟೀರಿ, ಎಳೇ ಮಕ್ಕಳಾ," ಎಂದು ಫ್ಯೂಸಕ್ಕ ರೇಗಿದಳು. ಯಾರು ಕೇಳಬೇಕು? ಮೆಟ್ಟಿಲ ಮೇಲೆ ಹಗಲು ಕತ್ತಲೆಗಳು ಕಣ್ಣಾಮುಚ್ಚಾಲೆ ಆಡಿದವು. ಗದ್ದಲಕ್ಕೆ ದೊಡ್ಡಪ್ಪ ಪೇಪರು ಹಿಡಿದೇ ಹೊರಬಂದರು. ಕೆಳಗೆ ಬಂದು ನಿಂತ ಅಪ್ಪನನ್ನು ಕಂಡು ಗಂಟಲು ಸರಿಮಾಡಿಕೊಂಡರು.

"ಲೇ, ಗರ್ದಭದ ಕೊನೇ ಅಕ್ಷರ ಅಲ್ಪಪ್ರಾಣನೋ, ಮಹಾಪ್ರಾಣನೋ?"

"ಮಹಾಪ್ರಾಣ ಕಣೋ ಅಣ್ಣಾ. ಒಂಬತ್ತು ದಿನದಿಂದ ಹಿಂಗೇ ಬರೀತಿದೀಯಾ?"

ಎಲ್ಲರೂ ಬುಡಕ್ಕಿಳಿದು ಬಂದರು. "ಬಡಗಿಗೆ ಬರೋದು ಬೇಡ ಅನ್ನಿ" ಎಂದಳು ದೊಡ್ಡಮ್ಮ. "ಅದಿರಲಿ, ಇದನ್ನ ಕೆಡಿಸಿದ ಪುಣ್ಯಾತ್ಮ ಯಾರು?"

ಫ್ಯೂಸಕ್ಕ ಅವಳ ಕಡೆ ನೋಡಲೇ ಇಲ್ಲ. "ಇಲಿ," ಎಂದಳು.

"ಇಲಿನಾ!"

"ಮತ್ತಿನ್ನೇನು. ಒಳಗೆ ಹೊಕ್ಕು ಅಲ್ಲಿದ್ದು ಇಲ್ಲಿಗೆ, ಇಲ್ಲಿದ್ದು ಅಲ್ಲಿಗೆ ಮಾಡಿದೆ."

"ದರಿದ್ರದ್ದು! ಅದಕ್ಕೋಸ್ಕರ ನಿಮ್ಮನ್ನ ಏನೇನೋ ಅಂದ್ಬಿಟ್ಟೆ ಅಕ್ಕಾ."

"ನಾನೇನು ಕಮ್ಮಿ ಅಂದೆನಾ? ಅದರ ಬಾಲ ಸೇದಿಹೋಗ!"

ಒಬ್ಬರಿಗೊಬ್ಬರು ಕೂಡಿಟ್ಟುಕೊಂಡಿದ್ದ ಬೈಗುಳವೆಲ್ಲ ಇಲ್ಲದ ಇಲಿಯ ಮೇಲೆ ಸುರಿಯಿತು. ಇಬ್ಬರೂ ಕಣ್ಣೊರೆಸಿಕೊಂಡು ನಗುತ್ತಿದ್ದರು. ಅವಳು ಮೆಲ್ಲನೆ ಜಾರಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಫ್ಯೂಸಕ್ಕ ಚೀಲ ಹೆಗಲಿಗೇರಿಸಿದಳು. "ಆದ್ರೂ ಒಂದು ಮಾತು. ನನ್ನ ಹತ್ರ ಎಷ್ಟೋ ಜನ ಕೆಲಸ ಕಲಿತ್ರು. ಒಬ್ರೂ ಹಿಂಗೆ ಬಿಗಿ ಮಾಡ್ಲಿಲ್ಲ. ಒಳ್ಳೇ ಕೈ ಇತ್ತು ಆ ಇಲಿಗೆ."

"ಇಲಿಗೆ ಸ್ಕ್ರೂಡ್ರೈವರು ಕೊಟ್ಟೋರು ಯಾರಮ್ಮಾ?" ಎಂದು ದೊಡ್ಡಪ್ಪ ನಗೆ ಎಬ್ಬಿಸಿದರು.

ಬೈಗುಳವನ್ನೆಲ್ಲ ಇಲಿಗೆ ಬಿಟ್ಟುಕೊಟ್ಟು ಸುಮ್ಮನಿದ್ದವಳಿಗೆ ಈ ಒಂದು ಮಾತನ್ನು ಮಾತ್ರ ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಸ್ಕ್ರೂಗಳನ್ನು ಅಂಗೈಗೆ ಉಗುಳಿಕೊಂಡಳು.

"ಇಲಿ ಅಲ್ಲ," ಎಂದಳು, ತನಗೇ ಅಚ್ಚರಿಯಾಗುವಷ್ಟು ಗಟ್ಟಿಯಾಗಿ. "ಅದು ನನ್ನ ಕೈ."