ಬೇಲಿ ಸರಿಸಿದ ಗೆಡ್ಡೆಯಮ್ಮ

ಚಿಪ್ಸ್ ಕಾರ್ಖಾನೆ ಬಂದ ಮೇಲೆ ಆ ಊರಿನ ಹೊಲಗಳಲ್ಲೆಲ್ಲ ಒಂದೇ ಆಲೂಗೆಡ್ಡೆ: ಬಿಳಿಯದು, ದುಂಡನೆಯದು, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥದು. ಗೆಡ್ಡೆಯಮ್ಮನೊಬ್ಬಳು ಮಾತ್ರ ಅತ್ತೆಯ ಕಾಲದ ಬೀಜವನ್ನು ಕೈಬಿಡದೆ, ಬೇಲಿಯೊಳಗೇ ಹೊಲದಂಚಿನ ಒಂದು ಪಟ್ಟಿಯಲ್ಲಿ ಕೆಂಪು, ನೇರಳೆ, ಗಂಟುಮೈಯ ಗೆಡ್ಡೆಗಳನ್ನೂ ನಡುನಡುವೆ ಸಾಸಿವೆಯನ್ನೂ ಬೆಳೆಯುತ್ತಿದ್ದಳು. ಊರಿನಲ್ಲಿ ಜೇನಿನ ಸದ್ದು ಕೇಳಬೇಕಾದರೆ ಆ ಪಟ್ಟಿಗೇ ಹೋಗಬೇಕಿತ್ತು.

ಕಾರ್ಖಾನೆಯ ಕರಾರಿನಂತೆ ಹೊಲದಲ್ಲಿ ಬೇರೆ ತಳಿ ಇರಕೂಡದು.

“ಅಮ್ಮಾ, ಇದನ್ನ ಕಿತ್ತುಬಿಡೋಣ. ಮೇಲ್ವಿಚಾರಕ ನೋಡಿದ್ರೆ ನಮ್ಮ ಲೋಡೆಲ್ಲಾ ವಾಪಸ್ ಕಳಿಸ್ತಾನೆ,” ಎಂದ ಮಗ.

“ಬಣ್ಣ, ಆಕಾರ ನೋಡಿ ವಾಪಸ್ ಕಳಿಸೋದಾದ್ರೆ ನಿನ್ನನ್ನ ಹುಟ್ಟಿದ ದಿನಾನೇ ಕಳಿಸ್ಬೇಕಿತ್ತು.”

ಸೊಸೆ ಬುಟ್ಟಿಯ ಹಿಂದೆ ಮುಖ ಮರೆಸಿಕೊಂಡು ನಕ್ಕಳು.

ಮಗ ಹಟ ಬಿಡಲಿಲ್ಲ. ಅರ್ಧ ಪಟ್ಟಿ ಅಗೆದೇ ಬಿಟ್ಟ. ಆತುರಗಾರನಿಗೆ ಬುದ್ಧಿ ಮಟ್ಟ. ಅಗೆದದ್ದನ್ನು ತುಂಬಿದ ಚೀಲಗಳನ್ನು ಗಡಿಬಿಡಿಯಲ್ಲಿ ನೋಡದೆ ಬಿಳಿಗೆಡ್ಡೆಯ ಚೀಲಗಳೊಂದಿಗೆ ಲಾರಿಗೇರಿಸಿದ. ಕಾರ್ಖಾನೆಯ ಯಂತ್ರ ಬಣ್ಣದ್ದನ್ನೆಲ್ಲ ಆಚೆ ತಳ್ಳಿತು. ಯಂತ್ರ ತಳ್ಳಿದ್ದು ಕ್ಯಾಂಟೀನಿಗೆ ಹೋಗುವುದು ಅಲ್ಲಿನ ವಾಡಿಕೆ. ಅಡುಗೆಯವನು ಅವನ್ನು ಬೇಯಿಸಿ, ಉಪ್ಪು ಎಣ್ಣೆ ಸೋಕಿಸಿ ಬಡಿಸಿದ. ದಿನವಿಡೀ ಬಿಳುಪನ್ನೇ ನೋಡಿ ಕಣ್ಣು ಸೋತಿದ್ದ ಕೆಲಸಗಾರರು ಪಾತ್ರೆಯ ತಳವನ್ನೂ ಬಿಡಲಿಲ್ಲ.

ಮರುದಿನ ಬೆಳಿಗ್ಗೆಯೇ ಮೇಲ್ವಿಚಾರಕ ಹೊಲಕ್ಕೆ ಬಂದ. ಗೆಡ್ಡೆಯಮ್ಮ ಉಳಿದರ್ಧ ಪಟ್ಟಿಗೆ ಅಡ್ಡವಾಗಿ ನಿಂತಳು. ಇದೂ ಹೋದರೆ ಬೀಜಕ್ಕೂ ಒಂದು ಗೆಡ್ಡೆ ಉಳಿಯುವುದಿಲ್ಲ.

“ಆ ಬಣ್ಣದ ಗೆಡ್ಡೆ ನಿಮ್ದೇನಾ?”

“ತಿಂದ್ರಾ?”

“ತಿಂದೆ.”

“ಎಷ್ಟು ಸಲ ಹಾಕಿಸ್ಕೊಂಡ್ರಿ?”

ಆತ ನೆಲ ನೋಡಿದ. “ಮೂರು ಸಲ. ಅಡುಗೆಯವ್ನು ವಾರವಾರ ಬೇಕು ಅಂತಾನೆ. ಆದ್ರೆ ಕರಾರು ಕರಾರೇ ಅಮ್ಮಾ. ಬೇಲಿಯೊಳಗೆ ಬೇರೆ ತಳಿ ಕಂಡ್ರೆ ನಾನು ಸುಮ್ಮನಿರೋಕಾಗಲ್ಲ.”

“ಬೇಲಿ ಆಚೆ ಕಂಡ್ರೆ?”

“ಆಚೆದು ನೋಡೋದು ನನ್ನ ಕೆಲಸ ಅಲ್ಲ,” ಎಂದು ಆತ ಬೇಲಿಯತ್ತ ಒಮ್ಮೆ ನೋಡಿ, “ಮಧ್ಯಾಹ್ನ ಬಂದು ಪರೀಕ್ಷೆ ಮಾಡ್ತೀನಿ,” ಎಂದ.

ಆತನ ಬೆನ್ನು ಮರೆಯಾದದ್ದೇ ತಡ, ಮನೆಮಂದಿಯೆಲ್ಲ ಗೂಟ ಕೀಳತೊಡಗಿದರು. ಪಟ್ಟಿ ಅಗೆದ ಮಗನೇ, ಅದು ಆಚೆ ಉಳಿಯುವಂತೆ ಬಿಳಿಗೆಡ್ಡೆಯ ಸಾಲಿನೊಳಗೆ ಹೊಸ ಗುಣಿ ತೋಡಿದ.

“ನೆಟ್ಟಗೆ ನೆಡೋ, ಬೇಲಿಗೂ ನಿನ್ನ ಆಕಾರ ಬಂದೀತು,” ಎಂದಳು ತಾಯಿ.

ಮೇಲ್ವಿಚಾರಕ ಬಂದು ಬೇಲಿಯೊಳಗೆಲ್ಲ ಸುತ್ತಿದ. ಬಿಳಿಯದಲ್ಲದೆ ಬೇರೇನೂ ಕಾಣಲಿಲ್ಲ. ಆಮೇಲೆ ಬೇಲಿ ಬಳಸಿ ಆಚೆಗೆ ಹೋಗಿ, ಕಂಕುಳಿನ ಚೀಲ ಬಿಡಿಸಿ, “ನೇರಳೆದು ಇದ್ಯಾ ಅಮ್ಮಾ?” ಎಂದು ಕೇಳಿದ.

“ಬೀಜಕ್ಕೆ ಎತ್ತಿಟ್ಟು ಮಿಕ್ಕಿದ್ದು ನಿಮಗೆ.”

ಮರುವರ್ಷ ಅಕ್ಕಪಕ್ಕದವರೂ ಬೀಜ ಕೇಳಿ ಬಂದರು. ಒಬ್ಬೊಬ್ಬರದೇ ಬೇಲಿ ಒಳಕ್ಕೆ ಸರಿಯಿತು. ಕಾರ್ಖಾನೆಯ ಹೊಲಗಳು ತುಸು ಸೊರಗಿದವು, ಆಚೆಯ ಪಟ್ಟಿಗಳು ಒಂದಕ್ಕೊಂದು ಕೂಡಿಕೊಂಡವು, ಜೇನಿಗೆ ಊರು ಸುತ್ತುವ ಕೆಲಸ ಹತ್ತಿತು.