ವಾಪಸ್ ಹೋದ ನೀಲಿ

"ಪ್ಲಾಸ್ಟಿಕ್ ಬಿಲ್ಲೆ ಹತ್ತಕ್ಕೆ ಒಂದು ಟೀ. ಒಳಗೆ ಕಬ್ಬಿಣದ ಚೂರಿಟ್ಟು ಭಾರ ಮಾಡಿರೋದು ಎರಡಕ್ಕೆ ಒಂದು ಟೀ. ಜೇಡಿಮಣ್ಣು ಬೆರೆಸಿ ಅಚ್ಚಲ್ಲಿ ಒತ್ತಿರೋದಾದ್ರೆ ಒಂದೊಂದಕ್ಕೂ ಮೂರು ಟೀ," ಎಂದರು ಅಂಗಡಿಯವರು. ಬೆಲೆಯನ್ನು ಅವರು ಯಾವಾಗಲೂ ಪಕ್ಕದ ಹೋಟೆಲಿನ ಟೀ ಲೆಕ್ಕದಲ್ಲೇ ಹೇಳುವುದು.

ಕೊಳ್ಳಲು ಬಂದವಳ ಕೈ ಆಗಲೇ ಅಲ್ಯೂಮಿನಿಯಂ ಪೆಟ್ಟಿಗೆಯ ಹಿಡಿಯ ಮೇಲಿತ್ತು. ಅದರೊಳಗೆ ಪೋಕರ್ ಆಟದಲ್ಲಿ ದುಡ್ಡಿನ ಬದಲು ಇಡುವ ಬಿಲ್ಲೆಗಳು ಮುನ್ನೂರು, ಎರಡು ಕಟ್ಟು ಇಸ್ಪೀಟು. ಎಲ್ಲ ಸೇರಿ ನೂರೈವತ್ತು ಟೀ. ದುಡ್ಡು ಎಣಿಸಿ ಮಡಚಿಕೊಂಡೇ ಬಂದಿದ್ದಳು. ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವಳು ಅವಳು. ಊಟದ ಬಿಡುವಿನ ಅರ್ಧ ಗಂಟೆಯಲ್ಲಿ ಓಡಿಬಂದಿದ್ದಳು.

"ಇದನ್ನೇ ಕೊಟ್ಬಿಡಿ. ಭಾರವಾಗಿದೆ, ಚೆನ್ನಾಗಿದೆ."

"ಭಾರ ನೋಡಿ ಮೋಸ ಹೋಗಬೇಡಿಮ್ಮ. ಹೊಸಬರೆಲ್ಲ ಮೊದಲು ಮಾಡೋ ತಪ್ಪೇ ಇದು." ಅವರು ಪೆಟ್ಟಿಗೆಯಿಂದ ಒಂದನ್ನು ತೆಗೆದು ಗಾಜಿನ ಮೇಲೆ ಬೀಳಿಸಿದರು. ಚಮಚ ಬಿದ್ದ ಸದ್ದಾಯಿತು. ಮೇಜಿನ ಡ್ರಾಯರಿನಿಂದ ಮಣ್ಣಿನದೊಂದನ್ನು ತೆಗೆದು ಬೀಳಿಸಿದರು. ಮೆಲ್ಲಗೆ, ಮರದ ಬಾಗಿಲು ಮುಚ್ಚಿದ ಹಾಗೆ. "ಕೇಳಿಸ್ತಾ? ಅದು ಪಾತ್ರೆ. ಇದು ಬಿಲ್ಲೆ."

ಇಪ್ಪತ್ತೆರಡು ವರ್ಷ ದೊಡ್ಡ ಜೂಜುಮನೆಯೊಂದರಲ್ಲಿ ಎಲೆ ಹಂಚಿದ ಕೈ ಅವರದು. ಆ ಕೆಲಸ ಬಿಟ್ಟ ಮೇಲೆ ಕೇರಂ, ಚದುರಂಗ, ಇಸ್ಪೀಟು ಮಾರುವ ಈ ಅಂಗಡಿ ಇಟ್ಟರು. ಕೊಳ್ಳಲು ಬಂದವರಿಗೆ ಪಾಠ ಹೇಳದೆ ಬಿಡುತ್ತಿರಲಿಲ್ಲವಾದ್ದರಿಂದ ಬೀದಿಯವರೆಲ್ಲ ಬಿಲ್ಲೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು.

"ಎಷ್ಟು ಜನ ಕೂರ್ತೀರಿ? ಅದು ಮೊದಲ ಪ್ರಶ್ನೆ. ಬೆಲೆ ಆಮೇಲೆ."

"ನಾಲ್ಕು ಜನ. ಅಣ್ಣ, ಅತ್ತಿಗೆ, ನಾನು, ಎದುರುಮನೆ ಕಟಿಂಗ್ ಶಾಪಿನವನು. ಭಾನುವಾರ ಮಧ್ಯಾಹ್ನ. ದುಡ್ಡಿಗಲ್ಲ ಮೇಷ್ಟ್ರೇ. ಸೋತವರು ವಾರವೆಲ್ಲ ಪಾತ್ರೆ ತೊಳೀಬೇಕು. ಕಟಿಂಗ್ ಶಾಪಿನವನು ಸೋತ್ರೆ ನಮ್ಮನೆಗೆ ಬಂದು ತೊಳೀತಾನೆ."

"ಇಷ್ಟು ದಿನ ಯಾವುದರಲ್ಲಿ ಆಡ್ತಿದ್ರಿ?"

ಅವಳು ಚೀಲದಿಂದ ಸೋಡಾ ಬಾಟಲಿಯ ಮುಚ್ಚಳವೊಂದನ್ನು ತೆಗೆದು ತೋರಿಸಿದಳು. ಅಂಚನ್ನು ಬಡಿದು ಚಪ್ಪಟೆ ಮಾಡಿ, ಮೇಲೆ ಕೆಂಪು ಬಣ್ಣ ಬಳಿದಿತ್ತು. ಬಳಿದಿದ್ದೆಂದರೆ ಹಾಗೆ ಹೀಗೆ ಅಲ್ಲ. ನಡುವೆ ಕೂದಲೆಳೆಯ ದಪ್ಪದ ಬಿಳಿ ಗೆರೆಯ ಸುತ್ತು, ಎಲ್ಲೂ ನಡುಗಿರಲಿಲ್ಲ.

"ಅಣ್ಣ ಬೋರ್ಡ್ ಬರೆಯೋನು," ಎಂದಳು. "ಉಳಿದ ಪೇಂಟಲ್ಲಿ ಮಾಡಿದ್ದು. ಒಂದ್ಸಲ ಆದ್ರೂ ನಿಜವಾದ ಬಿಲ್ಲೆಯಲ್ಲಿ ಆಡಬೇಕು ಅಂತ ಅವನಿಗೆ ಮುಂಚಿನಿಂದ ಆಸೆ." ಸ್ವಲ್ಪ ಹೊತ್ತು ಮುಚ್ಚಳವನ್ನೇ ತಿರುಗಿಸಿದಳು. "ಕಣ್ಣು ಹೋಗ್ತಾ ಇದೆ ಅವನಿಗೆ. ಸಕ್ಕರೆ ಕಾಯಿಲೆ. ಒಂದು ಕಣ್ಣು ಆಗ್ಲೇ ಇಲ್ಲ. ಇನ್ನೊಂದು, ಡಾಕ್ಟರು ಒಂದು ವರ್ಷ ಅಂದಿದಾರೆ. ಅದಕ್ಕೇ ಆತುರ."

ಮೇಷ್ಟ್ರು ಮನಸ್ಸಿನಲ್ಲಿ ಲೆಕ್ಕ ಹಾಕಿದರು. ಮಾದರಿ ನೋಡಲು ಮೂರು ನಾಲ್ಕು ವಾರ, ಮಾಡಿ ಕಳಿಸಲು ಏಳು ವಾರ. ವರ್ಷದಲ್ಲಿ ಇನ್ನೂ ಒಂಬತ್ತು ತಿಂಗಳು ಉಳಿಯುತ್ತದೆ. ಅಂಥ ಗೆರೆ ಎಳೆಯುವ ಕೈಗೆ ಈ ಡಬ್ಬಿ ಮಾಲು ಕೊಡುವುದು ಅವರಿಗೆ ಸರಿಕಾಣಲಿಲ್ಲ.

"ಟೈಮಿದೆಯಲ್ಲಮ್ಮ. ಬಿಲ್ಲೆ ಏನು ಹಾಲಾ, ಕೆಟ್ಟುಹೋಗೋಕೆ? ಸರಿಯಾಗೇ ಮಾಡೋಣ." ಪೆಟ್ಟಿಗೆಯನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿ ಕಪಾಟಿನಲ್ಲಿಟ್ಟರು. "ಮುನ್ನೂರು ನಿಮಗೆ ದಂಡ. ತಲೆಗೆ ಐವತ್ತು ಸಾಕು. ಇಪ್ಪತ್ತು ಬಿಳಿ, ಹದಿನಾರು ಕೆಂಪು, ಹತ್ತು ನೀಲಿ, ನಾಲ್ಕು ಕಪ್ಪು. ಚಿಕ್ಕ ಬೆಲೆಯದು ಜಾಸ್ತಿ ಇರಬೇಕು, ದೊಡ್ಡದು ಕಮ್ಮಿ. ಮೇಲೆ ಅಂಕಿ ಬೇಡ, ಬಣ್ಣವೇ ಬೆಲೆ ಹೇಳಬೇಕು. ಮೊದಲು ಮಾದರಿ ತಗೊಂಡುಹೋಗಿ, ಮೂರು ಭಾನುವಾರ ಕೈಯಲ್ಲಿ ಆಡಿಸಿ. ಆಮೇಲೆ ಇನ್ನೂರನ್ನೂ ಒಂದೇ ಸಲ ತರಿಸಬೇಕು. ಇವತ್ತು ಅರ್ಧ, ಮುಂದಿನ ವರ್ಷ ಅರ್ಧ ಅಂದ್ರೆ ಬಣ್ಣ ಹೊಂದಲ್ಲ. ಮಣ್ಣಲ್ಲವಾ, ಒಂದೊಂದು ಪಾಕಕ್ಕೆ ಒಂದೊಂದು ಬಣ್ಣ."

"ಆರುನೂರು ಟೀ," ಎಂದಳು ಅವಳು. "ನನ್ನ ಹತ್ತು ತಿಂಗಳ ಟೀ ಮೇಷ್ಟ್ರೇ."

"ಮಾದರಿ ಒಪ್ಪಿಗೆಯಾದ್ಮೇಲೆ ಅರ್ಧ ಕೊಡಿ. ಇನ್ನರ್ಧ ಬಿಲ್ಲೆ ಬಂದ ಮೇಲೆ, ನಿಮಗೆ ಆದಾಗ."

ಅವಳು ಕಪಾಟಿನ ಪೆಟ್ಟಿಗೆಯನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಮಾದರಿಯ ಪೊಟ್ಟಣ ತೆಗೆದುಕೊಂಡು ಹೊರಟಳು.

ನಾಲ್ಕನೆಯ ವಾರ ಅಣ್ಣನೇ ಬಂದ. ತಂಗಿಯ ತೋಳು ಹಿಡಿದುಕೊಂಡಿದ್ದ, ಆದರೆ ಹಿಡಿದುಕೊಂಡಂತೆ ಕಾಣಬಾರದೆಂದು ಅವಳೊಡನೆ ಮಾತಾಡುತ್ತ ಮೆಟ್ಟಿಲು ಹತ್ತಿದ. ಅಂಗಡಿಯ ಬೋರ್ಡಿನ ಕೆಳಗೆ ನಿಂತು ತಲೆಯೆತ್ತಿ ನೋಡಿದ.

"ಇದನ್ನ ಬರೆದೋನು ಯಾರು ಮೇಷ್ಟ್ರೇ? ಕೊನೇ ಅಕ್ಷರಕ್ಕೆ ಜಾಗ ಸಾಲದೆ ಒತ್ತಿಬಿಟ್ಟಿದಾನೆ. ಪಾಪ, ಬಸ್ಸಲ್ಲಿ ನಿಂತಂಗೆ ನಿಂತಿದೆ."

"ನಾನೇ ಬರೆದಿದ್ದು ಪೇಂಟರ್ರೇ."

"ಹಾಗಾದ್ರೆ ಚೆನ್ನಾಗಿದೆ," ಎಂದ ಅವನು, ಗಂಭೀರವಾಗಿ. ಮೇಷ್ಟ್ರಿಗೆ ತಿಂಗಳಲ್ಲೇ ಮೊದಲ ಸಲ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬಂತು.

ಅವನು ಮಾದರಿಗಳನ್ನು ಕಿಟಕಿಯ ಬೆಳಕಿಗೆ ಒಯ್ದು, ಬಲಗಣ್ಣಿಗೆ ಒಂದು ಗೇಣು ದೂರದಲ್ಲಿ ಹಿಡಿದು ಒಂದೊಂದನ್ನೇ ನೋಡಿದ. ಕೆಂಪಿನಲ್ಲಿ ಎರಡು ಬಗೆಯಿತ್ತು. ಒಂದಕ್ಕೆ ಹಳದಿ ಜಾಸ್ತಿ ಬಿದ್ದಿದೆಯೆಂದು ಬದಿಗಿಟ್ಟ. ಬಿಳಿ ಸುಣ್ಣದ ಹಾಗಿರಬಾರದು, ಮೂಳೆಯ ಹಾಗಿರಬೇಕೆಂದ. ನೀಲಿಯ ಹತ್ತಿರ ಬಂದವನು ಬಹಳ ಹೊತ್ತು ಅದನ್ನೇ ಹಿಡಿದುಕೊಂಡಿದ್ದ.

"ಇದು ಇದ್ದ ಹಾಗೇ ಬರಬೇಕು. ನಾನು ಕೆಲಸ ಕಲಿತ ಮೇಲೆ ಮೊದಲು ಬರೆದ ಬೋರ್ಡಿನ ನೆಲ ಇದೇ ನೀಲಿ. ಶಾಯಿ ಅಂಗಡಿದು. ಆಮೇಲೆ ಎಷ್ಟು ಬೆರೆಸಿದ್ರೂ ಇದು ಸಿಗಲಿಲ್ಲ."

"ಇದ್ದ ಹಾಗೇ ತರಿಸ್ತೀನಿ," ಎಂದರು ಮೇಷ್ಟ್ರು.

ಏಳು ವಾರಕ್ಕೆ ಸರಿಯಾಗಿ ಪಾರ್ಸೆಲ್ ಬಂತು. ಬಿಳಿ, ಕೆಂಪು, ಕಪ್ಪು ಒಂದಿಷ್ಟೂ ಆಚೀಚೆ ಇರಲಿಲ್ಲ. ನಲವತ್ತು ನೀಲಿಗಳನ್ನು ಅವರು ಕಿಟಕಿಗೆ ಒಯ್ದು ಮಾದರಿಯ ಪಕ್ಕ ಇಟ್ಟರು. ಒಂದು ಎಳೆ ಹಸಿರು ಕಂಡಿತು. ಬೇರೆ ಯಾರದಾದರೂ ಆಗಿದ್ದರೆ ಸುಮ್ಮನಿರುತ್ತಿದ್ದರೋ ಏನೋ. ಪೇಂಟರನ ಮನೆಗೆ ಫೋನು ಮಾಡಿದರು.

"ಎಷ್ಟು ಹಸಿರು?" ಎಂದು ಅವನು ಕೇಳಿದ.

"ಒಂದು ಬಕೆಟ್ ನೀಲಿಗೆ ಬ್ರಷ್ ತುದಿ ಅದ್ದಿದಷ್ಟು."

"ವಾಪಸ್ ಕಳಿಸಿ."

"ಇನ್ನೂ ಐದು ವಾರ ಹಿಡಿಯುತ್ತೆ. ಮಿಕ್ಕಿದ್ದು ಕೊಟ್ಟಿರ್ತೀನಿ, ಮೂರು ಬಣ್ಣದಲ್ಲಿ ಆಡ್ತಿರಿ."

"ಅರ್ಧ ಬರೆದ ಬೋರ್ಡನ್ನ ನಾನು ಯಾವತ್ತೂ ತೂಗುಹಾಕಿದವನಲ್ಲ ಮೇಷ್ಟ್ರೇ. ಪೂರ್ತಿ ಆಗಿ ಬರಲಿ. ಬಣ್ಣದಲ್ಲಿ ರಾಜಿ ಬೇಡ."

ಹಿಂದಿನಿಂದ ತಂಗಿಯ ದನಿ ಕೇಳಿಸಿತು. "ಅಣ್ಣಾ, ಸಾಕು ಬಿಡು, ಇದ್ದಿದ್ದೇ ತರ್ತೀನಿ." ಅವನು ಅವಳಿಗೆ ಏನೋ ಹೇಳಿ ನಕ್ಕ. ಮೇಷ್ಟ್ರಿಗೆ ರಾಜಿ ಬೇಡವೆಂಬ ಆ ಮಾತು ಕೇಳಿ ಖುಷಿಯೇ ಆಯಿತು. ಇಂಥ ಗಿರಾಕಿ ಹತ್ತು ವರ್ಷಕ್ಕೊಬ್ಬ ಸಿಗುವುದು ಎಂದುಕೊಂಡರು. ಮೂವತ್ತೊಂಬತ್ತು ನೀಲಿಗಳನ್ನು ಕಟ್ಟಿ ಅದೇ ದಿನ ಅಂಚೆಗೆ ಹಾಕಿದರು. ತಪ್ಪು ತೋರಿಸಲು ಬೇಕಾಗಬಹುದೆಂದು ಒಂದನ್ನು ಉಳಿಸಿಕೊಂಡರು.

ಮೂರು ವಾರ ಕಳೆದ ಮೇಲೆ, ಒಂದು ಸೋಮವಾರ ಬೆಳಿಗ್ಗೆ ಪೇಂಟರ್ ಹಲ್ಲುಜ್ಜುತ್ತಿದ್ದಾಗ ಬಲಗಣ್ಣಿನೊಳಗೆ ರಕ್ತನಾಳ ಒಡೆಯಿತು. ಕನ್ನಡಿಯ ಮೇಲೆ ಯಾರೋ ಟಾರು ಸುರಿದ ಹಾಗಾಯಿತೆಂದು ಅವನು ಹೆಂಡತಿಗೆ ಹೇಳಿದನಂತೆ. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇಟ್ಟುಕೊಂಡರು. ವರ್ಷ ಅಂದಿದ್ದ ಡಾಕ್ಟರು, ಕೆಲವರಿಗೆ ಹೀಗೂ ಆಗುತ್ತದೆ ಎಂದರು. ಇದನ್ನು ಮೇಷ್ಟ್ರಿಗೆ ಹೇಳಿದವಳು ತಂಗಿ, ಐದು ವಾರ ತುಂಬಿದ ಮೇಲೆ, ಉಳಿದ ಅರ್ಧ ದುಡ್ಡು ಎಣಿಸುತ್ತ. ಬೆಳಕೂ ಗೊತ್ತಾಗುತ್ತಿಲ್ಲ ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಅವರಿಗೆ ಸುಲಭವಾಗುತ್ತಿತ್ತು.

"ದುಡ್ಡು ಒಳಗಿಡಿ," ಎಂದರು ಮೇಷ್ಟ್ರು.

"ಬೇಡ ಮೇಷ್ಟ್ರೇ. ಅವನು ಕೇಳ್ತಾನೆ, ಕೊಟ್ಟೆಯಾ ಅಂತ. ನನಗೆ ಅವನ ಹತ್ರ ಸುಳ್ಳು ಬರಲ್ಲ. ಈಗಂತೂ ಬರಲ್ಲ."

ಭಾನುವಾರ ಅವರೇ ಅಂಗಡಿ ಮುಚ್ಚಿ ಮರದ ಪೆಟ್ಟಿಗೆ ಹೊತ್ತುಕೊಂಡು ಅವಳ ಜೊತೆ ಹೋದರು. ಎರಡನೆಯ ಮಹಡಿಯ ಚಿಕ್ಕ ಮನೆ. ನಡುಮನೆಯಲ್ಲಿ ಇನ್ನೂ ಟರ್ಪೆಂಟೈನಿನ ವಾಸನೆ. ಬ್ರಷ್ಷುಗಳನ್ನು ತೊಳೆದು, ಅಳತೆಯ ಪ್ರಕಾರ ಜೋಡಿಸಿ, ದಾರದಲ್ಲಿ ಕಟ್ಟಿ ಕಿಟಕಿಯ ಮೇಲಿಟ್ಟಿದ್ದರು. ಪೇಂಟರ್ ಶರಟು ಇಸ್ತ್ರಿ ಮಾಡಿಸಿ ಹಾಕಿಕೊಂಡು ಮೇಜಿನ ಎದುರು ಕೂತಿದ್ದ. ಕಟಿಂಗ್ ಶಾಪಿನವನು ಅವನ ಗಡ್ಡ ಆಗತಾನೆ ಮಾಡಿ ಮುಗಿಸಿದ್ದ.

"ಬನ್ನಿ ಮೇಷ್ಟ್ರೇ," ಎಂದ ಪೇಂಟರ್, ಬಾಗಿಲ ಕಡೆಗೆ ಮುಖ ತಿರುಗಿಸಿ. "ನಿಮ್ಮ ಬೋರ್ಡು ಇನ್ಮೇಲೆ ನನ್ನ ಕಣ್ಣಿಗೆ ಚೆನ್ನಾಗೇ ಕಾಣುತ್ತೆ."

ಯಾರೂ ನಗಲಿಲ್ಲ. ಕಟಿಂಗ್ ಶಾಪಿನವನು ಕತ್ತರಿಯನ್ನು ಮತ್ತೆ ಮತ್ತೆ ಒರೆಸಿದ.

ಮೇಷ್ಟ್ರು ಪೆಟ್ಟಿಗೆ ತೆರೆದು ಅವನ ಮುಂದಿಟ್ಟರು. ಅವನು ಒಂದು ಹಿಡಿ ಎತ್ತಿ ಒಂದೊಂದಾಗಿ ಅಂಗೈಗೆ ಬಿಟ್ಟುಕೊಂಡ. ಮೆತ್ತನೆಯ ಆ ಸದ್ದು ಮನೆಯಲ್ಲೆಲ್ಲ ಕೇಳಿಸಿತು.

"ಇದು ಯಾವ ಬಣ್ಣ?" ಎಂದು ಹೆಂಡತಿಯನ್ನು ಕೇಳಿದ.

"ಕೆಂಪು."

"ಹಳದಿ ಬಿದ್ದಿಲ್ಲ ತಾನೆ?"

"ಇಲ್ಲ. ನೀವು ಹೇಳಿದ ಕೆಂಪೇ."

"ನೀಲಿ ಕೊಡು." ಅವಳು ಕೊಟ್ಟಳು. ಅವನು ಹೆಬ್ಬೆರಳಲ್ಲಿ ಅದರ ಮುಖವನ್ನು ತೀಡಿದ. "ಮೇಷ್ಟ್ರೇ, ಈ ಸಲ ಸರಿಯಾಗಿ ಬಂತಾ?"

"ಇದ್ದ ಹಾಗೇ ಬಂದಿದೆ," ಎಂದರು ಮೇಷ್ಟ್ರು. ಅದು ನಿಜವೇ ಆಗಿತ್ತು. ಬೆಳಿಗ್ಗೆಯಷ್ಟೇ ಹೊಸ ನಲವತ್ತನ್ನೂ ಮಾದರಿಯ ಪಕ್ಕ ಹಿಡಿದು ನೋಡಿದ್ದರು.

ಮೊದಲ ಸಲ ಬಂದು ತಪ್ಪಾಗಿದ್ದ ಒಂದು ನೀಲಿ ಅವರ ಜೇಬಿನಲ್ಲೇ ಇತ್ತು. ತೋರಿಸಿ ತಮ್ಮನ್ನು ತಾವೇ ಸಮರ್ಥಿಸಿಕೊಳ್ಳಬೇಕೆನಿಸಿತೋ ಏನೋ, ಅದನ್ನು ತೆಗೆದು ಹೊಸದರ ಪಕ್ಕ ಮೇಜಿನ ಮೇಲಿಟ್ಟರು. ತಂಗಿ ಬಗ್ಗಿ ನೋಡಿದಳು. ಅವರೂ ಬಗ್ಗಿದರು. ಮೇಜಿನ ಮೇಲಿನ ಬಲ್ಬಿನ ಬೆಳಕಿನಲ್ಲಿ ಎರಡೂ ಒಂದೇ ಆಗಿದ್ದವು. ಕನ್ನಡಕ ಒರೆಸಿಕೊಂಡು ನೋಡಿದರು. ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ಅವರಿಗೂ ತಿಳಿಯಲಿಲ್ಲ.

ತಂಗಿ ಅವರ ಮುಖ ನೋಡಿದಳು. ಎರಡರಲ್ಲಿ ಒಂದನ್ನು ಎತ್ತಿ ಅವರ ಕೈಗೆ ಕೊಟ್ಟು, ಬೆರಳುಗಳನ್ನು ಮಡಚಿದಳು.

"ಏನು ಎಲ್ಲ ಸುಮ್ಮನಾದ್ರಿ?" ಎಂದ ಪೇಂಟರ್. "ಎಲೆ ಹಾಕಿ."

ಕಟಿಂಗ್ ಶಾಪಿನವನು ಇಸ್ಪೀಟು ಕಲಸಿ ನಾಲ್ವರಿಗೂ ಹಂಚಿದ. ಪೇಂಟರ್ ತನ್ನ ಎಲೆಗಳನ್ನು ಎತ್ತಿಕೊಂಡು, ಹಳೆಯ ಅಭ್ಯಾಸದಂತೆ ಯಾರಿಗೂ ಕಾಣದಂತೆ ಎದೆಗೆ ಒತ್ತಿ ಹಿಡಿದ. ಹಾಗೇ ಹಿಡಿದುಕೊಂಡಿದ್ದ. ಆಗ ಹೆಂಡತಿ ತನ್ನ ಎಲೆಗಳನ್ನು ನೋಡದೆಯೇ ಮಗುಚಿ ಕಟ್ಟಿಗೆ ಸೇರಿಸಿ, ಕುರ್ಚಿ ಎಳೆದು ಅವನ ಪಕ್ಕ ಕೂತಳು. ಅವನ ಕಿವಿಗೆ ಬಾಯಿಟ್ಟು ಎಲೆಗಳ ಹೆಸರು ಹೇಳತೊಡಗಿದಳು.

"ಜೋರಾಗಿ ಹೇಳು ಅತ್ತಿಗೆ, ನಾನೂ ಕೇಳ್ತೀನಿ," ಎಂದ ಕಟಿಂಗ್ ಶಾಪಿನವನು.

"ನೀನು ಪಾತ್ರೆ ತೊಳೆಯೋಕೆ ಸೋಪು ತಂದಿದೀಯಾ ನೋಡ್ಕೋ," ಎಂದ ಪೇಂಟರ್.

ತಂಗಿ ಬಿಲ್ಲೆ ಹಂಚಿದಳು. ಮೇಷ್ಟ್ರು ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತ ಲೆಕ್ಕ ಹಾಕಿದರು, ಹಾಕಬಾರದೆಂದರೂ ಬಂತು. ನೀಲಿ ವಾಪಸ್ ಕಳಿಸದೆ ಇದ್ದಿದ್ದರೆ, ಕಣ್ಣಿದ್ದಾಗಲೇ ಆಡಲು ಮೂರು ಭಾನುವಾರ. ಮೊದಲ ದಿನ ಅವಳು ಹಿಡಿದಿದ್ದ ಪೆಟ್ಟಿಗೆಯನ್ನೇ ಕೊಟ್ಟುಕಳಿಸಿದ್ದರೆ ಹದಿನಾಲ್ಕು.

ಮೇಜಿನ ಮೇಲೆ ಮೂರು ಪಾಲು ಸಾಲಾಗಿ ನಿಂತವು. ನಾಲ್ಕನೆಯದು ಪೆಟ್ಟಿಗೆಯಲ್ಲೇ ಉಳಿಯಿತು: ಇಪ್ಪತ್ತು ಬಿಳಿ, ಹದಿನಾರು ಕೆಂಪು, ಹತ್ತು ನೀಲಿ, ನಾಲ್ಕು ಕಪ್ಪು.