ಬಿಡಿಸಪ್ಪನವರ ಖಾಲಿ ಸಾಲು

ಬಿಡಿಸಪ್ಪನವರ ಬೂದುಬಣ್ಣದ ಕೋಟಿನ ಯಾವ ಜೇಬಿನಲ್ಲೂ ಎರಡು ವಸ್ತುಗಳು ಒಟ್ಟಿಗೆ ಇದ್ದುದನ್ನು ನಾನು ಕಂಡಿಲ್ಲ. ಬೀಗದ ಕೈಗೊಂದು ಜೇಬು, ಕನ್ನಡಕಕ್ಕೊಂದು, ಕರವಸ್ತ್ರಕ್ಕೊಂದು. ಜೇಬು ಸಿಗದ ಪೆನ್ನು ಮಾತ್ರ ಸದಾ ಕಿವಿಯ ಮೇಲೆ ವಿರಾಜಮಾನವಾಗಿರುತ್ತಿತ್ತು. ಕಚೇರಿಯ ಕಾರಿಡಾರು ನಿರ್ಜನವಾಗಿದ್ದಾಗಲೂ, ಹಿಂದೆ ಮುಂದೆ ಜನ ಸಾಲುಗಟ್ಟಿ ನಿಂತಿದ್ದಾರೇನೋ ಎಂಬಂತೆ ಗೋಡೆಯ ಅಂಚು ಹಿಡಿದೇ ನಡೆಯುತ್ತಿದ್ದರು. ದೂರದ ಊರಿನಿಂದ ಫೋನು ಮಾಡುವ ಅಕ್ಕ ಊಟ, ಮಂಡಿನೋವು, ಮಾತ್ರೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ವಿಚಾರಿಸಿದರೆ, "ಅಕ್ಕಾ, ಒಂದೊಂದಾಗಿ ಕೇಳೇ" ಎನ್ನುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರನ್ನು ಏನಾದರೂ ಕೇಳುವವರೆಂದರೆ ಆ ಅಕ್ಕ ಒಬ್ಬರೇ.

ಬಿಡಿಸಪ್ಪ ಎಂಬುದು ಕಚೇರಿ ದಯಪಾಲಿಸಿದ ಬಿರುದು. ವೃದ್ಧರ ಕ್ಷೇಮಸಮಾಚಾರ ನೋಡಿಕೊಳ್ಳುವ ನಮ್ಮ ವಿಭಾಗಕ್ಕೆ ಬರುತ್ತಿದ್ದ ಸಮೀಕ್ಷೆಗಳನ್ನು ಎಕ್ಸೆಲ್ ಹಾಳೆಯಲ್ಲಿ ಬಿಡಿಸಿ ಇಡುವುದು ಅವರ ಕೆಲಸ. ಪಕ್ಕದ ಮೇಜಿನಲ್ಲಿ ಕುಳಿತು ಅದರಿಂದ ವರದಿ ಹೊಸೆಯುವುದು ನನ್ನದು. 'ಕಳೆದ ವಾರ ನಿಮ್ಮನ್ನು ನೋಡಲು ಯಾರು ಬಂದಿದ್ದರು?' ಎಂಬ ಪ್ರಶ್ನೆಗೆ ಸಮೀಕ್ಷೆಯವರು ಮಗಳು, ನರ್ಸು, ಎದುರುಮನೆಯವರು ಎಂದು ಒಂದೇ ಚೌಕದೊಳಗೆ ಎಲ್ಲರನ್ನೂ ತುರುಕಿ ತರುತ್ತಿದ್ದರು. "ಹೀಗೆ ಗಂಟು ಕಟ್ಟಿಟ್ರೆ ಎಣಿಸೋದು ಹೇಗ್ರೀ?" ಎಂದು ಗೊಣಗುತ್ತಾ ಬಿಡಿಸಪ್ಪನವರು ಬಂದ ಒಬ್ಬೊಬ್ಬರಿಗೂ ಒಂದೊಂದು ಸಾಲು ಮಾಡಿ, ಪ್ರತಿ ಸಾಲಿನ ಮೊದಲಿಗೆ ಆ ವೃದ್ಧರ ಕ್ರಮಸಂಖ್ಯೆಯನ್ನು ಮತ್ತೆ ಬರೆಯುತ್ತಿದ್ದರು. ಆ ಹಾಳೆ ನೋಡಲು ಹಸನಾಗಿ ಬಾಚಿದ ತಲೆಯಂತಿರುತ್ತಿತ್ತು.

ಆ ವರ್ಷದ ಹಾಳೆ ನೋಡಿ ಮೇಲಧಿಕಾರಿ ಹಿಗ್ಗಿದರು. ನೋಡಲು ಯಾರೂ ಬಾರದ ವೃದ್ಧರು ಅದರಲ್ಲಿ ಒಬ್ಬರೂ ಇರಲಿಲ್ಲ. "ಎಲ್ಲರಿಗೂ ಯಾರಾದ್ರೂ ಇದ್ದಾರಲ್ಲ. ಹಾಗಾದ್ರೆ ಮನೆಭೇಟಿ ಯಾಕೆ? ನಿಲ್ಲಿಸಿಬಿಡೋಣ" ಎಂದರು. ಒಂಟಿ ವೃದ್ಧರ ಮನೆಗೆ ವಾರಕ್ಕೊಮ್ಮೆ ಹೋಗಿ ಮಾತಾಡಿಸಿ ಬರುವ ಕಾರ್ಯಕರ್ತೆಯರ ಕೆಲಸ ಅಲ್ಲಿಗೆ ಮುಗಿದಂತೆಯೇ. ಕಡತ ಸಹಿಗೆ ಹೊರಟಿತು.

ಸೋಮವಾರ ಬೆಳಿಗ್ಗೆ ನಾನು ಸುಮ್ಮನೆ ಮಾತಿಗೆಂದು, "ನಿನ್ನೆ ರಜಾ ಅಲ್ವಾ, ಮನೆಗೆ ಯಾರಾದ್ರೂ ಬಂದಿದ್ರಾ?" ಎಂದೆ.

"ಯಾರೂ ಇಲ್ಲ" ಎಂದವರು, ಕೋಟು ಬಿಚ್ಚುತ್ತಿದ್ದ ಕೈಯನ್ನು ಅಲ್ಲಿಗೇ ನಿಲ್ಲಿಸಿದರು. ಪರದೆಯ ಮೇಲಿನ ಹಾಳೆಯನ್ನು ಮೇಲಿಂದ ಕೆಳಗಿನವರೆಗೆ ಉರುಳಿಸಿ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: "ಈ ಸಮೀಕ್ಷೇಲಿ ನಾನಿದ್ದಿದ್ರೆ, ಹಾಳೇಲಿ ನಾನೇ ಇರ್ತಿರ್ಲಿಲ್ಲ."

ನನಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಬಂದವರಿಗೊಂದು ಸಾಲು ಎಂದು ಬಿಡಿಸುತ್ತಾ ಹೋದಾಗ, ಯಾರೂ ಬಾರದವರಿಗೆ ಸಾಲೇ ಹುಟ್ಟಿರಲಿಲ್ಲ. ಖಾಲಿ ಚೌಕದ ಜೊತೆಗೆ ಮನುಷ್ಯರೂ ಉದುರಿಹೋಗಿದ್ದರು.

ಬಿಡಿಸಪ್ಪನವರು ಆ ದಿನ ಕಾರಿಡಾರಿನ ನಟ್ಟನಡುವೆ, ಅರ್ಧ ಬಿಚ್ಚಿದ ಕೋಟಿನಲ್ಲೇ ಓಡಿದರು. "ತಪ್ಪು ನಂದು ಸಾರ್" ಎಂದು ಕಡತವನ್ನು ಮರಳಿ ತಂದು, ಮೂಲ ಹಾಳೆ ತೆರೆದು, ಉದುರಿದವರನ್ನೆಲ್ಲ ಒಬ್ಬೊಬ್ಬರಾಗಿ ಹೆಕ್ಕಿ ಒಂದೊಂದು ಸಾಲು ಕೊಟ್ಟು, ಬಂದವರ ಜಾಗದಲ್ಲಿ 'ಯಾರೂ ಇಲ್ಲ' ಎಂದು ತುಂಬಿದರು. ಸಾಲುಗಳು ಪರದೆ ತುಂಬಿ ಕೆಳಗಿಳಿಯುತ್ತಲೇ ಹೋದವು. ಮನೆಭೇಟಿ ನಿಲ್ಲಲಿಲ್ಲ.

ಒಂಟಿತನ ಕೆಲವರನ್ನು ಕಹಿ ಮಾಡುತ್ತದೆ, ಕೆಲವರನ್ನು ವಾಚಾಳಿಗಳನ್ನಾಗಿಸುತ್ತದೆ. ಇನ್ನು ಕೆಲವರಿದ್ದಾರೆ: ತಮ್ಮ ಬರಿದಾದ ಮನೆಯನ್ನು ನೆನೆದು ಇನ್ನೊಬ್ಬರ ಮನೆಬಾಗಿಲಿಗೆ ಜನರನ್ನು ಕಳುಹಿಸುವವರು. ಅಂಥವರನ್ನು ಲೋಕ ಎಣಿಸುವುದು ಅಪರೂಪ, ಎಣಿಸಿರೆಂದು ಅವರು ಕೇಳುವುದೂ ಇಲ್ಲ. ಸಂಜೆಯಾದರೆ ಗೋಡೆಯ ಅಂಚು ಹಿಡಿದು ಹೊರಟು, ಸರಿಯಾದ ಜೇಬಿನಿಂದ ಬೀಗದ ಕೈ ತೆಗೆದು, ತಮ್ಮ ಮನೆಯ ಬಾಗಿಲನ್ನು ತಾವೇ ತೆರೆದುಕೊಳ್ಳುತ್ತಾರೆ.